ಅಜ್ಜಿಯ ಬಾಯಿಪಾಠದ ನಂಬರು

ಮಗ ಕೆಲಸ ಬಿಟ್ಟು ಬಂದ ಸಂಜೆ ಸೊಸೆ ಮೊದಲು ಕೇಳಿದ್ದು ಸಂಬಳದ ಮಾತನ್ನಲ್ಲ.

"ಫೋನ್ ಎಲ್ಲಿ?" ಎಂದಳು.

ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದವಳು ಚಾಕು ಹಿಡಿದೇ ಅವನ ಅಂಗಿಯ ಜೇಬನ್ನು ನೋಡುತ್ತಿದ್ದಳು. ವರ್ಷಗಟ್ಟಲೆ ಲಿಫ್ಟ್ ಕಂಪನಿಯ ಫೋನು ಅಲ್ಲೇ ಕೂತು ಕೂತು ಬಟ್ಟೆಯ ಮೇಲೆ ಅದರದೊಂದು ಚೌಕ ಮೂಡಿತ್ತು. ಇವತ್ತು ಚೌಕ ಇತ್ತು, ಫೋನಿರಲಿಲ್ಲ.

"ಆಫೀಸಲ್ಲಿ ಮೇಡಂ ಮೇಜಿನ ಮೇಲೆ ಎಸೆದು ಬಂದೆ. ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ ಅಂದೆ."

"ಎಸೆದ್ರಾ? ಅಂಗಡಿ ಸಾಮಾನಲ್ಲ ರೀ ಅದು. ಅತ್ತೆಗೆ ಗೊತ್ತಿರೋದು ಅದೊಂದೇ ನಂಬರು."

"ಮೆಲ್ಲಗೆ ಮಾತಾಡೇ. ಅಮ್ಮನ ಕಿವಿಗೆ ಬಿದ್ದೀತು."

ಅಜ್ಜಿ ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಳು. ಕಣ್ಣು ಮಂಜು, ಅಂಚಿಗೆ ಅಂಚು ಕೂಡಿಸುವುದೆಲ್ಲ ಬೆರಳಿನ ಲೆಕ್ಕ. ಕಿವಿಯೂ ಮೊದಲಿನಷ್ಟಿಲ್ಲ, ಆದರೆ ಕೇಳಬಾರದ್ದು ಮಾತ್ರ ಹೇಗೋ ಕೇಳಿಸುತ್ತಿತ್ತು.

ಅವಳ ಮಗನ ಕೆಲಸ ಇಷ್ಟು: ಊರಿನ ಕಟ್ಟಡಗಳ ಲಿಫ್ಟುಗಳೊಳಗೆ, ಗುಂಡಿಗಳ ಕೆಳಗೆ, ಒಂದು ಹಳದಿ ಚೀಟಿ ಅಂಟಿಸಿರುತ್ತಿದ್ದರು. ಲಿಫ್ಟ್ ನಿಂತರೆ ಈ ನಂಬರಿಗೆ ಕರೆ ಮಾಡಿ. ಆ ಕರೆ ಅವನ ಜೇಬಿಗೆ ಬರುತ್ತಿತ್ತು. ಗಾಬರಿಯಾಗಬೇಡಿ ಎನ್ನಬೇಕು, ಮೆಕ್ಯಾನಿಕ್ಕನ್ನು ಅಟ್ಟಬೇಕು, ಅವನು ಮುಟ್ಟುವ ತನಕ ಒಳಗಿರುವವರ ಜೊತೆ ಮಾತಾಡುತ್ತಿರಬೇಕು. "ನನ್ನ ಮಗ ಸಿಕ್ಕಿಕೊಂಡವರನ್ನ ಬಿಡಿಸೋನು" ಎಂದು ಅಜ್ಜಿ ಮೇಲಿನ ಮನೆಯ ಟೈಲರಮ್ಮನಿಗೂ ಹೇಳುತ್ತಿದ್ದಳು, ಪ್ರಾರ್ಥನೆಗೆ ಕೂತಾಗ ದೇವರಿಗೂ ಹೇಳುತ್ತಿದ್ದಳು. ದೇವರ ಕೆಲಸವೂ ಅದೇ ಆದ್ದರಿಂದ ಇಬ್ಬರಿಗೂ ಪರಿಚಯವಿರಬೇಕು ಎನ್ನುವಂತಿತ್ತು ಅವಳ ಧಾಟಿ.

ಆ ನಂಬರು ಅವಳಿಗೆ ಬಾಯಿಗೆ ಬಂದದ್ದು ಸುಲಭಕ್ಕಲ್ಲ. ಅಂಕಿಗಳನ್ನು ಎಷ್ಟು ಉರು ಹೊಡೆದರೂ ನಿಲ್ಲಲಿಲ್ಲ. ಕೊನೆಗೆ ತನ್ನ ಅಪ್ಪ ಹೇಳಿಕೊಟ್ಟಿದ್ದ ಪದ್ಯವೊಂದರ ಧಾಟಿಗೆ ತಾನೇ ಅದನ್ನು ಕೂಡಿಸಿಕೊಂಡಳು. ಒಂಬತ್ತಕ್ಕೆ ದನಿ ಏರಿಸಿ, ಎಂಟಕ್ಕೆ ಇಳಿಸಿ, ಕೊನೆಯ ಎರಡು ಸೊನ್ನೆಗಳನ್ನು ಎಳೆದು ಎಳೆದು ಮುಗಿಸುತ್ತಿದ್ದಳು. ಹಾಡುತ್ತಾ ಹಾಡುತ್ತಾ ದಪ್ಪ ಗುಂಡಿಗಳ ಮನೆಫೋನಿನ ಮೇಲೆ ಬೆರಳು ತಾನಾಗಿ ನಡೆಯುತ್ತಿತ್ತು. ಒಮ್ಮೆ ಬಸ್ ನಿಲ್ದಾಣದಲ್ಲಿ ದಾರಿ ತಪ್ಪಿ ನಿಂತಾಗ ಹಣ್ಣಿನವನು "ಮನೆ ಎಲ್ಲಮ್ಮ?" ಎಂದು ಕೇಳಿದ್ದಕ್ಕೆ ಅವಳು ನಂಬರನ್ನು ಹಾಡಿದ್ದಳು. ಅವನು ನಗುತ್ತಾ ಒತ್ತಿದ್ದ. ಅವತ್ತು ಅವಳು ಮನೆ ಸೇರಿದ್ದು ಆ ಎರಡು ಸೊನ್ನೆಯ ಪುಣ್ಯದಿಂದ.

"ನಂಬರನ್ನ ನಮ್ಮ ಹೆಸರಿಗೆ ಮಾಡಿಸ್ಕೊಳ್ಳೋಕೆ ಆಗುತ್ತಂತೆ" ಎಂದಳು ಸೊಸೆ. ಇಸ್ತ್ರಿ ಅಂಗಡಿಯಲ್ಲಿ ಅವಳ ಕೆಲಸ. ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ. "ಕಂಪನಿಯೋರು ಬಿಟ್ಟುಕೊಡ್ತೀವಿ ಅಂತ ಬರೆದುಕೊಟ್ರೆ ಸಾಕು. ನಾಳೆನೇ ಹೋಗಿ ಕೇಳಿ."

"ಹ್ಞೂ, ಕೇಳ್ತೀನಿ."

"ಅತ್ತೆಗೇನು ಹೇಳೋಣ?"

"ಏನೂ ಹೇಳ್ಬೇಡ. ಬೆಳಗ್ಗೆ ಹೋಗ್ತೀನಿ, ಸಂಜೆ ಬರ್ತೀನಿ. ಅವಳಿಗೇನು ಗೊತ್ತಾಗುತ್ತೆ?"

ಊಟಕ್ಕೆ ಕೂತಾಗ ಅಜ್ಜಿ ಎಂದಿನಂತೆ ಪದ್ಯ ಹೇಳಿದಳು. ಮೂರು ಸಾಲು ಅವಳದು, ನಾಲ್ಕನೆಯದು ಮಗನದು. ಅವನು ಲಂಗೋಟಿ ಕಟ್ಟುವ ಕಾಲದಿಂದ ಬಂದ ವಾಡಿಕೆ.

"ಕತ್ತಲಲಿ ನಿಂತವಗೆ ಕಣ್ಣಿಲ್ಲ, ಕಿವಿಯುಂಟು, ಒಳಗಿಂದ ಕರೆದರೆ ಹೊರಗೊಬ್ಬ ಓಗೊಡಲಿ, ಬಾಗಿಲು ತೆರೆವವನು ಬರುವಾಗ ಬರಲಿ..."

ನಿಲ್ಲಿಸಿ ಕಾದಳು.

"ಹ್ಞೂ ಹ್ಞೂ, ಆಯ್ತಮ್ಮ. ಗಂಜಿ ಆರುತ್ತೆ, ಊಟ ಮಾಡು" ಎಂದ ಮಗ.

ನಾಲ್ಕನೆಯ ಸಾಲನ್ನು ಅವಳು ತಟ್ಟೆಯ ಕಡೆ ಮುಖ ಮಾಡಿ ತಾನೇ ಹೇಳಿಕೊಂಡಳು.

*

ಮರುದಿನ ಸೊಸೆ ಅಂಗಡಿಯಿಂದ ಹಳೆಯ ನಂಬರಿಗೆ ಕರೆ ಮಾಡಿ ನೋಡಿದಳು. ಸ್ವಿಚ್ ಆಫ್ ಎಂದಿತು. ಅಂದು ಸಂಜೆ ಅಜ್ಜಿಯ ಮುಖ ಸಣ್ಣಗಾಗಿತ್ತು.

"ಮಧ್ಯಾಹ್ನ ಫೋನ್ ಮಾಡಿದ್ರೆ ಯಾರೋ ಹೆಂಗಸು ಎತ್ತಿದ್ಲು ಕಣೋ. ಹೇಳಿದ್ದೇ ಹೇಳ್ತಾಳೆ. ನನ್ನ ಮಾತು ಕೇಳಿಸ್ಕೊಳ್ಳೋದೇ ಇಲ್ಲ. ಯಾರವಳು?"

"ಹೌದಾ? ಯಾರು ರೀ ಅವಳು?" ಎಂದು ಸೊಸೆ ಹುಬ್ಬೇರಿಸಿದಳು. ಮೊಮ್ಮಗಳು ನೀರು ಕುಡಿಯುತ್ತಿದ್ದವಳು ಕೆಮ್ಮಿಬಿಟ್ಟಳು.

"ಆಫೀಸಿನ ಯಂತ್ರ ಅಮ್ಮ. ರಿಪೇರಿ ನಡೀತಿದೆ."

ಮೊಮ್ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ದಿನವಿಡೀ ವಯಸ್ಸಾದವರಿಗೆ ಅಕ್ಷರ ತೋರಿಸಿ "ಇದು ಕಾಣುತ್ತಾ, ಇದು?" ಎನ್ನುವವಳಿಗೆ ತಾಳ್ಮೆಯೇ ಬಂಡವಾಳ. ಅಪ್ಪನ ಹೊಸ ನಂಬರನ್ನು ಅಜ್ಜಿಗೆ ಕಲಿಸಲು ಕೂತಳು.

"ಏಳು, ಏಳು, ನಾಲ್ಕು... ಹೇಳಜ್ಜಿ."

"ಏಳು ಏಳು ಅಂದ್ರೆ ಏಳೋದಾ, ಕೂರೋದಾ?"

"ಅಜ್ಜೀ!"

"ಇದಕ್ಕೆ ರಾಗ ಕೂರಲ್ಲ ಕಣೇ. ಕಲ್ಲು ಎತ್ತಿಹಾಕಿದ ಹಾಗಿದೆ. ನಂಗೆ ಗೊತ್ತಿರೋದು ಇದೆಯಲ್ಲ, ಸಾಕು ಬಿಡು."

ಮೊಮ್ಮಗಳು ಹೊಸ ನಂಬರನ್ನು ಒಂದೇ ಗುಂಡಿಗೆ ಹಾಕಿಕೊಟ್ಟು ಅದರ ಮೇಲೆ ದಾರದ ಗಂಟು ಅಂಟಿಸಿದಳು. ಅಜ್ಜಿ ಅದನ್ನು ಸವರಿ "ಚೆನ್ನಾಗಿದೆ" ಎಂದಳು, ಮತ್ತೆಂದೂ ಮುಟ್ಟಲಿಲ್ಲ. ಕೆಲವು ದಿನ ಆ ಹೆಂಗಸಿನ ಮೇಲೆ ಗೊಣಗಿದಳು. ಆಮೇಲೆ ಗೊಣಗಾಟ ನಿಂತಿತು. ಮನೆಯವರು ಮರೆತಳು ಎಂದುಕೊಂಡರು.

ಮರೆಯದವಳು ಸೊಸೆ. "ನಂಬರ್ ಏನಾಯ್ತು?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ಸಾಮಾನ್ಯವಾಗಿ ಅವನು ಬ್ರೆಡ್ಡಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ.

"ಮೇಡಂ ರಜೆ."

ಮುಂದಿನ ವಾರ: "ಅರ್ಜಿ ಮೇಲಕ್ಕೆ ಹೋಗಿದೆ."

"ಲಿಫ್ಟಲ್ಲಾ? ಹಾಗಾದ್ರೆ ಸಿಕ್ಕಿಕೊಂಡಿರಬೇಕು."

ಅರ್ಜಿ ಎಲ್ಲಿಗೂ ಹೋಗಿರಲಿಲ್ಲ, ಏಕೆಂದರೆ ಅವನು ಕೇಳಿಯೇ ಇರಲಿಲ್ಲ. ಫೋನನ್ನು ಅವನು ಎಸೆದೂ ಇರಲಿಲ್ಲ. ಮೇಡಂ ಎದುರು ಕೈಕಟ್ಟಿ ನಿಂತಿದ್ದ. ಅವರು "ಫೋನ್ ಇಟ್ಟು ಹೋಗಿ" ಎಂದಿದ್ದರು. ಸದ್ದಾಗದ ಹಾಗೆ ಇಟ್ಟು ಬಂದಿದ್ದ. ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಆಫೀಸಿನ ತನಕ ಹೋದದ್ದುಂಟು. ಗಾಜಿನಾಚೆ ತನ್ನ ಕುರ್ಚಿ ಕಂಡಿತು. ಅದರಲ್ಲಿ ಗ್ರೀಸಣ್ಣ ಕೂತಿದ್ದ. ಇಷ್ಟು ವರ್ಷ ಲಿಫ್ಟಿನ ಯಂತ್ರದ ಕೋಣೆಗಳನ್ನು ಹತ್ತಿಳಿದ ಮೆಕ್ಯಾನಿಕ್ಕು. ಎಷ್ಟು ಸೋಪು ಹಚ್ಚಿದರೂ ಉಗುರಿನ ಕಪ್ಪು ಹೋಗದೆ ಆ ಹೆಸರು ಬಂದಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅವನನ್ನು ಫೋನಿಗೆ ಹಾಕಿದ್ದರೆಂದು ಕಾಣುತ್ತದೆ. ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಫೋನನ್ನು ಕಿವಿಗೆ ಒತ್ತಿಕೊಂಡು, ಯಾರದೋ ಮಾತಿಗೆ ನಗುತ್ತಿದ್ದ. 'ಈ ಕಿವುಡನಿಗೆ ಬೇರೆ ನನ್ನ ಕುರ್ಚಿ' ಎಂದುಕೊಂಡು ಮಗ ಬಾಗಿಲು ತಳ್ಳದೆ ಹಿಂದಿರುಗಿದ. ಆ ಸಂಜೆಯ ಉತ್ತರ: "ಸಹಿ ಒಂದು ಬಾಕಿ ಇದೆಯಂತೆ."

*

ಪಾರ್ಸೆಲ್ ಗೋದಾಮಿನ ಗೇಟಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಲಾರಿ ಬಂದರೆ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು.

"ಆಗಲೂ ಮೇಲೆ ಕೆಳಗೆ, ಈಗಲೂ ಮೇಲೆ ಕೆಳಗೆ" ಎಂದಳು ಮೊಮ್ಮಗಳು. ಸೊಸೆ ನಗಲಿಲ್ಲ. ಹಳೆಯ ಅಂಗಿಯಿಂದ ಕಂಪನಿಯ ಬಿಲ್ಲೆಯನ್ನು ಬ್ಲೇಡಿನಿಂದ ಬಿಡಿಸುತ್ತಿದ್ದಳು. ಬಿಲ್ಲೆ ಹೋಯಿತು, ಸೂಜಿಯ ತೂತುಗಳು ಉಳಿದವು.

ಆ ವಾರವೇ ಅಜ್ಜಿಯ ಮಾತುಗಳು ಮನೆಯವರಿಗೆ ವಿಚಿತ್ರವಾಗಿ ಕೇಳತೊಡಗಿದ್ದು. ಒಂದು ಸಂಜೆ ಮಗ ಚಪ್ಪಲಿ ಬಿಡುತ್ತಿದ್ದಂತೆಯೇ ಅವಳು ಹಳೆಯ ಕಾಲುಚೀಲದಲ್ಲಿ ಬಿಸಿ ಉಪ್ಪು ಕಟ್ಟಿಕೊಂಡು ಎದುರಾದಳು.

"ಕೂತ್ಕೋ. ಮೊಣಕಾಲು ಚಾಚು."

"ಯಾಕೆ?"

"ಯಾಕೆ ಅಂತೆ! ನೀನೇ ಹೇಳಿದೆಯಲ್ಲ, ಮೆಟ್ಟಿಲು ಇಳಿಯೋಕೆ ಆಗಲ್ಲ ಅಂತ."

"ನಂಗೆಲ್ಲಿ ನೋವು? ನಾನು ಯಾವಾಗ ಹೇಳ್ದೆ?"

"ಮಧ್ಯಾಹ್ನ."

ಅವನು ಹೆಂಡತಿಯ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿ ಸುಮ್ಮನೆ ಸೌಟು ಆಡಿಸಿದಳು.

ಊಟದ ಹೊತ್ತಿಗೆ ಪದ್ಯ ಬಂತು. ಅವನು ನಾಲ್ಕನೆಯ ಸಾಲನ್ನು ಎಂದಿನಂತೆ ನುಂಗಿದ. ಅಜ್ಜಿ ನಕ್ಕಳು.

"ನಾಚಿಕೆನಾ? ಇವತ್ತೂ ತಪ್ಪೇ ಹೇಳ್ದೆಯಲ್ಲ. ದನಿ ಕಣೋ, ದನಿ. ಮನೆ ಅಲ್ಲ. 'ಬರುವ ತನಕ ನಿನ್ನ ದನಿ ಬಿಡದಿರಲಿ.' ಮನೆ ಬಿಡದಿರಲಿ ಅಂದ್ರೆ ಬಾಡಿಗೆದಾರರ ಪದ್ಯ ಆಗುತ್ತೆ."

"ಅಮ್ಮ, ನಾನೇನೂ ಹೇಳಿಲ್ಲ."

"ಫೋನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತೀಯ. ಮನೆಗೆ ಬಂದ್ರೆ ಮುಖ ಗಂಟು. ಫೋನಲ್ಲಿರೋ ನಿನ್ನನ್ನ ಬರ್ತಾ ದಾರೀಲಿ ಎಲ್ಲಿ ಬಿಟ್ಟು ಬರ್ತೀಯೋ ಏನೋ."

ಮೊಮ್ಮಗಳು ಮೊಟ್ಟೆಯ ಸಿಪ್ಪೆ ಬಿಡಿಸಿ ಅಜ್ಜಿಯ ತಟ್ಟೆಗೆ ಇಟ್ಟಳು.

ಮರುದಿನ ಮೆಟ್ಟಿಲಲ್ಲಿ ಸಿಕ್ಕ ಟೈಲರಮ್ಮ ಸೊಸೆಯನ್ನು ನಿಲ್ಲಿಸಿದಳು. "ತಪ್ಪು ತಿಳ್ಕೋಬೇಡಮ್ಮ. ಮಧ್ಯಾಹ್ನ ನಿಮ್ಮತ್ತೆ ಒಬ್ಬರೇ ಮಾತಾಡ್ತಾರೆ, ನಗ್ತಾರೆ. ಒಂದು ಸಲ ಡಾಕ್ಟರಿಗೆ ತೋರಿಸಿ."

ಅಂದಿನ ಜಗಳ ಪಾತ್ರೆ ತೊಳೆಯುವ ಬಚ್ಚಲಲ್ಲಿ ನಡೆಯಿತು.

"ಸತ್ತ ನಂಬರಿಗೆ ಫೋನ್ ಮಾಡಿ ಗಾಳಿ ಜೊತೆ ಮಾತಾಡ್ತಿದ್ದಾಳೆ" ಎಂದ ಮಗ. "ಆ ಫೋನನ್ನ ತೆಗೆದಿಡು ಮೊದಲು."

"ನೀವು ನಂಬರ್ ತಂದಿದ್ರೆ ಇದಾಗ್ತಿತ್ತಾ?"

"ತರ್ತೀನಿ ಅಂದೆನಲ್ಲ! ಅದಕ್ಕೂ ಇದಕ್ಕೂ ಏನು ಸಂಬಂಧ? ತಲೆ ಕೆಟ್ಟಿರೋದು ನಂಬರಿಂದ ಅಲ್ಲ, ವಯಸ್ಸಿಂದ."

"ಅಜ್ಜಿ ತಲೆ ಸರಿ ಇದೆ ಅಪ್ಪ" ಎಂದಳು ಮೊಮ್ಮಗಳು ಒದ್ದೆ ತಟ್ಟೆ ಹಿಡಿದು. "ಬಟ್ಟೆ ಮಡಚೋದರಲ್ಲಿ ಒಂದು ಅಂಚು ತಪ್ಪಿಲ್ಲ. ಹಾಲಿನವನಿಗೆ ಎಷ್ಟು ದಿನ ರಜೆ ಅಂತ ನನಗಿಂತ ಚೆನ್ನಾಗಿ ಗೊತ್ತು."

"ನೀನು ಸುಮ್ನಿರು. ಕನ್ನಡಕ ಮಾರೋರೆಲ್ಲ ಡಾಕ್ಟರಾಗಲ್ಲ."

ಅವನೇ ಹೋಗಿ ಮನೆಫೋನಿನ ತಂತಿ ಕಿತ್ತು, ಸುತ್ತಿ, ಬೀರುವಿನ ತಲೆಯ ಮೇಲೆ ಇಟ್ಟ. ಅಜ್ಜಿ ಮಂಚದ ಮೇಲೆ ಕೂತು ಆ ಸದ್ದನ್ನೆಲ್ಲ ಕೇಳಿಸಿಕೊಂಡಳು.

"ಅದನ್ನ ಯಾಕೋ ಎತ್ತಿಟ್ಟೆ? ಮಧ್ಯಾಹ್ನ ನನ್ನ ಮಗ ಕಾಯ್ತಾನೆ."

"ನಾನೇ ಅಮ್ಮ ನಿನ್ನ ಮಗ!"

"ಗೊತ್ತು ಕಣೋ. ಅದಕ್ಕೇ ಹೇಳ್ತಿರೋದು. ನೀನು ಕಾಯ್ತೀಯ."

*

ಎರಡು ಮಧ್ಯಾಹ್ನ ಮನೆಯಲ್ಲಿ ಫೋನಿರಲಿಲ್ಲ. ಮೂರನೆಯ ಸಂಜೆ, ಬಟಾಣಿ ಸೂಪು ಬಡಿಸುವ ಹೊತ್ತಿಗೆ, ಯಾರೋ ಬಾಗಿಲು ಬಡಿದರು. ಸೊಸೆ ತೆರೆದಳು. ಒಬ್ಬ ದಪ್ಪ ಮನುಷ್ಯ ಗೋಡೆ ಹಿಡಿದು ಒಂದು ಕಾಲಿನ ಭಾರ ತಗ್ಗಿಸಿ ನಿಂತಿದ್ದ. ಕೈಯ ಉಗುರುಗಳು ಕಪ್ಪಾಗಿದ್ದವು.

"ಅವನಿದಾನಾ? ನಾನು ಆಫೀಸಿಂದ. ಗ್ರೀಸ್ ಅಂದ್ರೆ ಗೊತ್ತಾಗುತ್ತೆ."

ಮಗ ಎದ್ದು ಬಂದವನು ಹೆಂಡತಿಯನ್ನು ಒಳಗೆ ಕಳಿಸಲು ನೋಡಿದ. ಅವಳು ಕದಲಲಿಲ್ಲ. ಗ್ರೀಸಣ್ಣ ಒಳಗಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. ಕಿವಿ ಮಂದವಾದವರ ಪಿಸುಮಾತು. ಹೊರಗಿನ ಮೆಟ್ಟಿಲಿಗೂ ಕೇಳುವಂತಿತ್ತು.

"ಅಮ್ಮ ಹೇಗಿದ್ದಾರೆ ಮಾರಾಯ? ಎರಡು ದಿನದಿಂದ ಫೋನಿಲ್ಲ. ನಂಗೆ ಊಟ ಸೇರಲಿಲ್ಲ."

"ಯಾವ ಅಮ್ಮ?" ಎಂದ ಮಗ.

"ನಿಮ್ಮಮ್ಮ. ಡ್ರಾಯರಲ್ಲಿದ್ದ ಫೋನನ್ನ ನಂಗೆ ಕೊಟ್ರಲ್ಲ, ಮೊದಲನೇ ದಿನವೇ ಮಧ್ಯಾಹ್ನ ಬಂತು. 'ಊಟ ಆಯ್ತಾ ಮಗಾ' ಅಂದ್ರು. ನಾನು ಆಯ್ತಮ್ಮ ಅಂದೆ. ಲಿಫ್ಟಲ್ಲಿ ಸಿಕ್ಕಿಕೊಂಡಿರೋ ಯಾರೋ ಅಜ್ಜಿ, ಗಾಬರೀಲಿ ಹೀಗಂತಿದ್ದಾರೆ ಅಂದ್ಕೊಂಡೆ. ಯಾವ ಕಟ್ಟಡ, ಎಷ್ಟನೇ ಮಹಡಿ ಅಂತ ಕೇಳಿದ್ರೆ ಬೈದ್ರು. ಆಮೇಲೆ ನಿನ್ನ ಹೆಂಡತಿ, ಮಗಳ ಮಾತು ತೆಗೆದಾಗ ನಿಮ್ಮಮ್ಮ ಅಂತ ಗೊತ್ತಾಯ್ತು. ನಾನಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವರೇ ಫೋನ್ ಇಡಲಿ ಅಂತ ಕಾದೆ. ಗೊತ್ತಲ್ಲ ನಿಯಮ, ಸಿಕ್ಕಿಕೊಂಡವರು ಇಡೋ ತನಕ ನಾವು ಇಡಬಾರದು. ನಿನ್ನ ವಿಷಯ ಆದ ಮೇಲೆ ಮೇಡಂ ಅದನ್ನ ಗೋಡೆ ಮೇಲೇ ಬರೆಸಿಬಿಟ್ಟಿದ್ದಾರೆ."

"ಯಾವ ವಿಷಯ?" ಎಂದಳು ಸೊಸೆ.

ಗ್ರೀಸಣ್ಣ ಅವಳನ್ನೂ ಅವನನ್ನೂ ನೋಡಿದ. ಬಾಯಿ ತಪ್ಪಿತೆಂದು ಅವನಿಗೆ ತಿಳಿಯಿತು. ಮೊಣಕಾಲನ್ನು ಉಜ್ಜಿಕೊಂಡ.

"ಅದೇನಿಲ್ಲಮ್ಮ. ಹಳೇದು. ನಾನು ಬಂದಿದ್ದು ಬೇರೆ ಮಾತಿಗೆ. ಈ ತಿಂಗಳು ಮುಗೀತಿದ್ದ ಹಾಗೆ ಕಂಪನಿ ಹೊಸ ನಂಬರ್ ಮಾಡ್ತಿದೆ. ಇದನ್ನ ಮುಚ್ಚಿಬಿಡ್ತಾರೆ. ಬೇಕಾದ್ರೆ ನಿನ್ನ ಹೆಸರಿಗೆ ಬರೆಸ್ಕೋ. ಮೇಡಂ ಹತ್ರ ನಾನೇ ಕೇಳಿದೀನಿ, ಒಪ್ಪಿದಾರೆ. ಸಹಿಗೆ ನೀನೇ ಬರಬೇಕು."

"ಈಗ ಕೇಳಿದ್ದಾ?" ಸೊಸೆಯ ದನಿ ತಣ್ಣಗಿತ್ತು. "ಇವರು ಮೊದಲೇ ಕೇಳಿದ್ರಲ್ಲ. ಅರ್ಜಿ ಮೇಲಕ್ಕೆ ಹೋಗಿತ್ತಲ್ಲ."

ಗ್ರೀಸಣ್ಣ ಮೆಟ್ಟಿಲ ಕಡೆ ಒಂದು ಹೆಜ್ಜೆ ಸರಿದ.

ಒಳಗಿನಿಂದ ಅಜ್ಜಿ ಕೂಗಿದಳು: "ಯಾರೋ ಅದು ಬಾಗಿಲಲ್ಲಿ?"

ಗ್ರೀಸಣ್ಣ ಉತ್ತರಿಸಲು ಬಾಯಿ ತೆರೆದವನು ಕೈಯಿಂದ ಮುಚ್ಚಿಕೊಂಡ. "ಕೇಳಿಸ್ಕೊಂಡ್ರೆ ದನಿ ಗುರುತು ಹಿಡೀತಾರೆ" ಎಂದು ಸನ್ನೆಯಲ್ಲೇ ಹೇಳಿ, ಗೋಡೆ ಹಿಡಿದು, ಮೆಟ್ಟಿಲೊಂದಕ್ಕೆ ಎರಡೂ ಪಾದವೂರಿ ಇಳಿದುಹೋದ.

ಸೊಸೆ ಬಾಗಿಲು ಹಾಕಿದಳು. ಸ್ಟೂಲು ಎಳೆದು, ಬೀರುವಿನ ಮೇಲಿಂದ ಫೋನ್ ಇಳಿಸಿ, ಧೂಳೊರೆಸಿ ತಂತಿ ಸಿಕ್ಕಿಸಿದಳು. ಆಮೇಲೆ ಅವನ ತಟ್ಟೆಗೆ ಸೂಪು ಹಾಕಿದಳು.

"ಯಾವ ವಿಷಯ?"

ಅವನು ಹೇಳಿದ. ತುತ್ತಿಗೊಂದು ಮಾತಿನಂತೆ ಹೇಳಿದ. ಒಬ್ಬ ಮುದುಕಿ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಳು. ಒಲೆ ಹಚ್ಚಿಟ್ಟು ಬಂದೆನೋ ಏನೋ ಅಂತ ಹೇಳಿದ್ದನ್ನೇ ಹೇಳುತ್ತಿದ್ದಳು. ಇವನ ಊಟದ ಹೊತ್ತು. ಮೆಕ್ಯಾನಿಕ್ ಬರ್ತಾನೆ, ಸುಮ್ನಿರಿ ಎಂದು ಕರೆ ಕತ್ತರಿಸಿ ಫೋನನ್ನು ಬೋರಲು ಹಾಕಿದ. ಅವಳು ಮತ್ತೆ ಮತ್ತೆ ಮಾಡಿದಳು. ಬಾಗಿಲು ತೆರೆದಾಗ ನೆಲದಲ್ಲಿ ಕೂತಿದ್ದಳು, ಬಟ್ಟೆಯಲ್ಲೇ ಒದ್ದೆ ಮಾಡಿಕೊಂಡು. ಯಾರಿಗೂ ಕಾಣಬಾರದೆಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳಂತೆ.

"ವಯಸ್ಸೆಷ್ಟು?" ಎಂದಳು ಸೊಸೆ.

"ಅಮ್ಮನಷ್ಟು."

ಮೊಮ್ಮಗಳು ತಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ತಲೆ ಕೆಟ್ಟಿದೆ ಅಂದೆಯಲ್ಲ ಅಪ್ಪ. ಅಜ್ಜಿ ಹೇಳಿದ್ದು ಪ್ರತಿಯೊಂದೂ ನಿಜ. ಮೊಣಕಾಲು ಸಹ."

"ಏನು ನಡೀತಿದೆ ಅಲ್ಲಿ ಗುಸುಗುಸು?" ಎಂದಳು ಅಜ್ಜಿ ಮಂಚದಿಂದ.

"ಏನಿಲ್ಲ ಅತ್ತೆ. ಫೋನ್ ರಿಪೇರಿ ಆಯ್ತು."

*

ತಿಂಗಳು ಮುಗಿಯಲು ಇನ್ನೂ ಕೆಲವು ದಿನಗಳಿದ್ದವು. ಅಜ್ಜಿ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು, ಗ್ರೀಸಣ್ಣ ಓಗೊಡುತ್ತಿದ್ದ. ಈಗ ಮನೆಯವರಿಗೆಲ್ಲ ಗೊತ್ತು, ಅವಳೊಬ್ಬಳನ್ನು ಬಿಟ್ಟು. ಊಟಕ್ಕೆ ಕೂತಾಗ ಸೊಸೆ ಗಂಡನ ಕಡೆ ನೋಡದೆ ಕೇಳುತ್ತಿದ್ದಳು:

"ಇವತ್ತು ಏನಂದ್ರು ಅತ್ತೆ, ನಿಮ್ಮ ಮಗ?"

"ಎಣ್ಣೆ ಹಚ್ಚಿದೆ, ವಾಸಿ ಅಂದ. ಪದ್ಯ ಮಾತ್ರ ಅದೇ. ಮನೆ, ಮನೆ. ನಗು ಬರುತ್ತೆ ನಂಗೆ. ಕೇಳ್ತಾ ಕೇಳ್ತಾ ಆ ತಪ್ಪೇ ಚೆನ್ನ ಅನ್ನಿಸಿಬಿಟ್ಟಿದೆ."

ಎದುರಿಗೇ ಕೂತ ಮಗ ಬ್ರೆಡ್ಡಿನ ಅಂಚು ಮುರಿಯುತ್ತಿದ್ದ.

"ಹೇಳಿಬಿಡಪ್ಪ ಅಜ್ಜಿಗೆ" ಎಂದಳು ಮೊಮ್ಮಗಳು ಒಂದು ರಾತ್ರಿ.

"ನಂಬರ್ ಬರಲಿ. ಆಮೇಲೆ ನಾನೇ ಮಾತಾಡ್ತೀನಲ್ಲ. ಹೇಳೋಕೇನಿದೆ?"

ತಿಂಗಳ ಕೊನೆಗೆ ಅವನು ಆಫೀಸಿಗೆ ಹೋದ. ತೂತುಗಳಿದ್ದ ಅಂಗಿ ಬಿಟ್ಟು ಬೇರೆ ಅಂಗಿ ಹಾಕಿಕೊಂಡಿದ್ದ. ಮೇಡಂ ಕಾಗದ ಮುಂದಿಟ್ಟರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಲು ಒಂದು ನೆವ ಸಿಗುತ್ತಿತ್ತು.

"ಇಲ್ಲಿ ಸಹಿ. ಇಲ್ಲೂ. ಇನ್ಮೇಲೆ ಬಿಲ್ಲು ನಿಮ್ಮದು, ನಂಬರು ನಿಮ್ಮದು. ಒಂದು ಮಾತು. ಹಳೇ ಚೀಟಿ ಕೀಳದೇ ಇರೋ ಲಿಫ್ಟುಗಳು ಇನ್ನೂ ಇವೆ. ಅಲ್ಲಿಂದ ಯಾರಾದ್ರೂ ಕರೆ ಮಾಡಿದ್ರೆ?"

"ಹೊಸ ನಂಬರ್ ಹೇಳ್ತೀನಿ ಮೇಡಂ."

"ಹೇಳಿ. ಆಮೇಲೆ?"

ಗೋಡೆಯ ಮೇಲೆ ಬರೆದದ್ದು ಅವರ ತಲೆಯ ಮೇಲೇ ಇತ್ತು. ಅವನು ಅದನ್ನು ಓದುವ ಹಾಗೆ ಹೇಳಿದ: "ಅವರು ಇಡೋ ತನಕ ಇಡಲ್ಲ."

"ಸರಿ" ಎಂದರು ಮೇಡಂ, ಮುಂದಿನ ಕಾಗದಕ್ಕೆ ಕೈ ಹಾಕಿ.

ಗ್ರೀಸಣ್ಣ ಪಿನ್ನಿನಿಂದ ಫೋನಿನ ಸಿಮ್ಮು ತೆಗೆದು, ಅಂಗಿಯ ತುದಿಗೆ ಒರೆಸಿ, ಅವನ ಅಂಗೈಯಲ್ಲಿಟ್ಟ.

"ಅಮ್ಮನ ಹತ್ರ ನಿಧಾನವಾಗಿ ಮಾತಾಡು ಮಾರಾಯ. ಅವಸರ ಮಾಡಿದ್ರೆ ಅವರಿಗೆ ಗೊತ್ತಾಗುತ್ತೆ. ಆಮೇಲೆ ಆ ಪದ್ಯ... ಕೊನೇ ಸಾಲು ನಿಂಗೆ ಬರುತ್ತಲ್ಲ? ನಂಗೆ ಕೊನೇವರೆಗೂ ಸರಿಯಾಗಿ ಬರಲೇ ಇಲ್ಲ."

"ಬರುತ್ತೆ" ಎಂದ ಮಗ. ಆ ಸಂಜೆ ಮಗಳ ಹತ್ತಿರ ಗುಟ್ಟಾಗಿ ಕೇಳಿ ಮತ್ತೆ ಕಲಿತ.

*

ಗೋದಾಮಿನ ಗೇಟಿನ ಪಕ್ಕ ತಗಡಿನ ಗೂಡು. ಒಳಗೆ ಒಂದು ಕುರ್ಚಿ, ಒಂದು ನೀರಿನ ಬಾಟಲಿ. ಬೆಳಗಿನಿಂದ ಅವನು ಲಾರಿಗಳಿಗೆ ಕಂಬ ಎತ್ತುತ್ತಾ ಇಳಿಸುತ್ತಾ ಆ ಸಾಲನ್ನೇ ಹೇಳಿಕೊಳ್ಳುತ್ತಿದ್ದ. ಮಧ್ಯಾಹ್ನ ಊಟದ ಡಬ್ಬಿ ತೆರೆದು, ಮುಟ್ಟದೆ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅದು ಹೊಡೆದುಕೊಂಡಿತು.

"ಹೇಳಮ್ಮ."

"ಊಟ ಆಯ್ತಾ ಮಗಾ?"

"ಆಯ್ತಮ್ಮ. ನಿಂದು?"

"ನಂದೂ ಆಯ್ತು. ನಿನ್ನ ಹೆಂಡತಿ ಬೀನ್ಸ್ ಮಾಡಿದ್ಲು, ಉಪ್ಪು ಕಮ್ಮಿ. ಅವಳಿಗೆ ಹೇಳ್ಬೇಡ."

"ಹೇಳಲ್ಲ."

ಆಮೇಲೆ ಅವಳು ನಿಧಾನವಾಗಿ, ಮೊದಲ ಸಾಲಿನಿಂದ, ಪದ್ಯ ತೆಗೆದಳು. ಕತ್ತಲಲಿ ನಿಂತವಗೆ. ಒಳಗಿಂದ ಕರೆದರೆ. ಬಾಗಿಲು ತೆರೆವವನು. ಅವನು ನಡುವೆ ಬಾಯಿ ಹಾಕಲಿಲ್ಲ. ಅವಳು ನಿಲ್ಲಿಸಿದ ಮೇಲೆ, ಒಂದಕ್ಷರ ತಪ್ಪದೆ, ಅವಳ ಧಾಟಿಯಲ್ಲೇ ಹೇಳಿದ:

"ಬರುವ ತನಕ ನಿನ್ನ ದನಿ ಬಿಡದಿರಲಿ."

"ಅಮ್ಮ?"

"ಸರಿಯಾಗಿ ಹೇಳ್ದೆ" ಎಂದಳು ಅಜ್ಜಿ. ದನಿಯಲ್ಲಿ ಹೊರಗಿನವರ ಜೊತೆ ಮಾತಾಡುವಾಗಿನ ಮರ್ಯಾದೆ ಬಂದಿತ್ತು. "ಯಾರಪ್ಪ ನೀನು?"

"ಅಮ್ಮ, ನಾನು."

"ಒಳ್ಳೇದಪ್ಪ. ಚೆನ್ನಾಗಿ ಕಲ್ತಿದ್ದೀಯ. ಸ್ವಲ್ಪ ನನ್ನ ಮಗನಿಗೆ ಕೊಡ್ತೀಯಾ ಫೋನು?"

ಗೇಟಿನಾಚೆ ಒಂದು ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಚಾಲಕ ಕಿಟಕಿಯಿಂದ ತಲೆ ಹಾಕಿ ಏನೋ ಕೂಗಿದ. ಅವನು ಎದ್ದು ನಿಂತ. ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

"ಇರಿ ಅಮ್ಮ" ಎಂದ. "ಕರೀತೀನಿ."

"ಕರೆಯಪ್ಪ. ಓಡಿ ಬಾ ಅನ್ಬೇಡ, ಪಾಪ, ಅವನಿಗೆ ಮೊಣಕಾಲು ನೋವು. ನಿಧಾನವಾಗೇ ಬರಲಿ. ನಾನು ಇಡಲ್ಲ."